ಕೂರಲಾರದ ಪುರೋಹಿತರು

ಭದ್ರಾವತಿ ಕಾಗದನಗರದ ವಿಷ್ಣು ಭಟ್ಟರಿಗೆ ಕೂರುವುದೇ ಕಸುಬು. ಹೋಮವಿರಲಿ, ಗೃಹಪ್ರವೇಶವಿರಲಿ, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆಂದರೆ ಮಂಗಳಾರತಿಯವರೆಗೆ ಕದಲುತ್ತಿರಲಿಲ್ಲ. ಅಂಥವರಿಗೆ ದೇವರು ರೋಗ ಕೊಟ್ಟಿದ್ದು ಎಲ್ಲಿ ಅಂತೀರಿ? ಸರಿಯಾಗಿ ಕೂರುವ ಜಾಗದಲ್ಲಿ. ಬೆನ್ನಿನ ಬುಡದ ಸೀಳಿನಲ್ಲಿ ಕೂದಲು ಚರ್ಮದೊಳಗಿಳಿದು ಕೀವುಗಟ್ಟಿತ್ತು. ಶಿವಮೊಗ್ಗದ ಡಾಕ್ಟರಮ್ಮ ಅದನ್ನು ಕೊಯ್ದು ತೆಗೆದು, ಗಾಯಕ್ಕೆ ಹೊಲಿಗೆ ಹಾಕದೆ ತೆರೆದೇ ಬಿಟ್ಟರು. ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕಂತೆ. ದಿನಾ ತೊಳೆದು ಹೊಸ ಗಾಜ್ ಬಟ್ಟೆ ಇಡಬೇಕು, ಸುತ್ತಲಿನ ಕೂದಲು ಬೋಳಿಸುತ್ತಿರಬೇಕು ಎಂದರು.

ಭಟ್ಟರು ಹೆಂಡತಿ ಭವಾನಿಗೆ ಮೊದಲನೆಯದನ್ನು ಹೇಳಿದರು, ಎರಡನೆಯದನ್ನು ನುಂಗಿಕೊಂಡರು. ಭವಾನಿ ಏಳು ತಿಂಗಳ ಬಸುರಿ. ಬಸುರಿಯ ಗಂಡ ಕ್ಷೌರ ಮಾಡಿಸಿಕೊಳ್ಳಬಾರದೆಂಬುದು ಅವರ ಮನೆಯ ಕಟ್ಟಳೆ; ಗಡ್ಡ ಆಗಲೇ ಎದೆಗಿಳಿಯುತ್ತಿತ್ತು. ಆಪರೇಷನ್ ದಿನ ಆಸ್ಪತ್ರೆಯವರು ಬೋಳಿಸಿದ್ದು ತಮಗೆ ಪ್ರಜ್ಞೆ ಇಲ್ಲದಾಗ, ಅದು ಲೆಕ್ಕಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದರು.

ಗಾಯ ಮಾತ್ರ ತುಂಬಲೊಲ್ಲದು. ಭಟ್ಟರು ಕೂರಲಾರರು, ಒಂದೆಡೆ ನಿಲ್ಲಲಾರರು. ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ಅಡುಗೆಮನೆಗೆ. ಊಟವೂ ನಿಂತೇ, ಜಪವೂ ನಿಂತೇ. ಹೆರಿಗೆಯ ಹೊತ್ತಿಗೆ ವಾಸಿಯಾಗದಿದ್ದರೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹೆಸರಿಡುವುದು ಹೇಗೆ ಎಂಬ ಚಿಂತೆ ಅವರನ್ನು ಕೊರೆಯುತ್ತಿತ್ತು.

ಮತ್ತೆ ತೋರಿಸಲು ಹೊರಟ ದಿನ ಶಿವಮೊಗ್ಗ ಬಸ್ಸಿನಲ್ಲಿ ಸೀಟೆಲ್ಲ ಖಾಲಿ. "ಕೂತ್ಕೊಳ್ಳಿ ಸ್ವಾಮಿ, ಬ್ರೇಕ್ ಹಾಕಿದ್ರೆ ಬೀಳ್ತೀರ" ಎಂದು ಕಂಡಕ್ಟರ್ ಗದರಿದ. ಭಟ್ಟರು ಕಂಬಿ ಹಿಡಿದು ಕಿಟಕಿಯಾಚೆ ನೋಡುತ್ತ ನಿಂತರು. ಜೊತೆಗಿದ್ದ ಭವಾನಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಡಾಕ್ಟರಮ್ಮ ಗಾಯದೊಳಗಿಂದ ಚಿಮಟದಲ್ಲಿ ಒಂದು ಕೂದಲು ಎಳೆದರು, ಇನ್ನೊಂದು ಎಳೆದರು. "ಬೋಳಿಸಿ ಅಂದಿದ್ನಲ್ಲ? ಹಿಂಗೇ ಬಿಟ್ರೆ ಇನ್ನೊಂದ್ಸಲ ಕೊಯ್ಬೇಕಾಗುತ್ತೆ." ಭವಾನಿಯ ನಗು ಅಲ್ಲಿಗೆ ನಿಂತಿತು. ಹೇಗೆ ಬೋಳಿಸಬೇಕು, ಗಾಯದಿಂದ ಎಷ್ಟು ದೂರ ಎಂದು ಅವಳೇ ಕೇಳಿ ತಿಳಿದುಕೊಂಡಳು.

ಮನೆಗೆ ಬಂದವಳೇ ರೇಜರ್ ಹಿಡಿದು ನಿಂತಳು. "ಬೋರಲು ಮಲಗಿ."

"ಬೇಡ ಮಾರಾಯ್ತಿ. ಹೋದ ಸಲ ಯಾರ ಮಾತೂ ಕೇಳ್ದೆ ಕ್ಷೌರ ಮಾಡಿಸ್ಕೊಂಡು ಬಂದೆ. ಆ ವಾರಾನೇ..." ಭಟ್ಟರು ಗೋಡೆಯತ್ತ ತಿರುಗಿದರು. ಹೋದ ವರ್ಷ ಭವಾನಿಗೆ ಗರ್ಭ ಇಳಿದುಹೋಗಿತ್ತು. ತಮ್ಮಿಂದಲೇ ಹಾಗಾಯಿತೆಂದು ಅವರು ನಂಬಿದ್ದರು, ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಭವಾನಿ ರೇಜರ್ ಕೆಳಗಿಳಿಸಿದಳು.

"ನಾನು ಪರಂಗಿಹಣ್ಣು ತಿಂದಿದ್ದಕ್ಕೆ ಹಂಗಾಯ್ತು ಅನ್ಕೊಂಡಿದ್ದೆ" ಎಂದಳು. ಕಣ್ಣೊರೆಸಿಕೊಂಡಳು. "ಇಬ್ರೂ ಎಂಥ ಪೆದ್ದರು ನೋಡಿ. ಮಲಗಿ ಈಗ."

ಭಟ್ಟರು ಮಲಗಿದರು. ಭವಾನಿ ಮಂಚದ ಅಂಚಿಗೆ ಕೂತು ಬಾಗಿದಾಗ ಅವಳ ಹೊಟ್ಟೆ ಅವರ ಪಕ್ಕೆಗೆ ತಾಗಿತು. ಒಳಗಿನಿಂದ ಏನೋ ಪಟ್ಟೆಂದು ಒದೆಯಿತು. ಅವಳು ರೇಜರ್ ಮೇಲೆತ್ತಿ ಹಿಡಿದಳು.

"ಅಲ್ಲಾಡ್ಬಾರ್ದು ಈಗ!"

"ನಾನೆಲ್ಲಿ ಅಲ್ಲಾಡಿದೆ?" ಎಂದರು ಭಟ್ಟರು, ದಿಂಬಿನಿಂದ ಮುಖ ಎತ್ತದೆ.

"ನಿಮಗಲ್ಲ ಹೇಳಿದ್ದು."