ಇನ್ನೂರೈವತ್ತು ಡಿಗ್ರಿಯಲ್ಲಿ ಸುಮ್ಮನಾಗುವ ಕಲ್ಲು

ಬೆಳಗಿನ ಐದೂವರೆ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಒಬ್ಬ ಹೆಂಗಸು ಯಂತ್ರದ ಚೌಕಟ್ಟಿಗೆ ಮರದ ಕೋಲು ಒತ್ತಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕೂತಿದ್ದಾರೆ. ಒಳಗೆ ಎರಡು ಉಕ್ಕಿನ ದಿಮ್ಮಿಗಳ ನಡುವೆ, ಸಮುದ್ರದ ತಳದಿಂದ ಕೊರೆದು ತಂದ ಕಲ್ಲಿನ ಪುಡಿ ಬಿಸಿಯಾಗುತ್ತಾ ಜಾರುತ್ತಿದೆ. ಅವರ ಕೆಲಸ ನೋಡಲು ಬಂದ ನನ್ನ ಕೈಗೂ ಕೋಲು ಕೊಡುತ್ತಾರೆ. ನೂರು ಡಿಗ್ರಿಯಲ್ಲಿ ಸಣ್ಣಗೆ ಸರಸರ. ಇನ್ನೂರೈವತ್ತಕ್ಕೆ ಸದ್ದೇ ಇಲ್ಲ. ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗಿದೆ.

“ಜಾರ್ತಾ ಇದ್ರೆ ಭಯ ಇಲ್ಲ. ಹಿಡ್ಕೊಂಡುಬಿಡ್ತಲ್ಲ, ಅದೇ ಭಯ,” ಎನ್ನುತ್ತಾರೆ. ಮಾತು ಮುಗಿಯುವುದರೊಳಗೆ ಟಪ್ಪೆಂದು ಚೌಕಟ್ಟು ಅದುರಿ, ಮೇಜಿನ ಮೇಲಿನ ಲೋಟದ ನೀರು ತುಳುಕುತ್ತದೆ.

ಇಲ್ಲಿ ಎಲ್ಲರಿಗೂ ಅವರು ಕುಲುಮೆಯಕ್ಕ. ಇಪ್ಪತ್ತಾರು ವರ್ಷದಿಂದ ಕಲ್ಲು ಕುಟ್ಟಿ, ಜರಡಿ ಹಿಡಿದು, ಕಾಯಿಸಿ, ಜಾರಿಸಿ ನೋಡುವುದೇ ಕೆಲಸ. ದಿನಕ್ಕೊಂದು ಪ್ರಯೋಗ, ಒಂದೊಂದಕ್ಕೂ ಹನ್ನೊಂದು ತಾಸು. ಸಂಶೋಧನಾ ಲೇಖನಗಳಲ್ಲಿ ದುರ್ಬೀನು ಹಾಕಿ ಹುಡುಕಿದರೂ ಅವರ ಹೆಸರು ಸಿಗುವುದಿಲ್ಲ. ಈ ಊರಿನಡಿ ಸಮುದ್ರತಳದ ಚಪ್ಪಡಿ ಭೂಮಿಯೊಳಕ್ಕೆ ನುಸುಳುತ್ತಿದೆ. ಇಳಿದಷ್ಟೂ ಬಿಸಿ. ಮೇಲೆ ತಣ್ಣಗಿರುವಲ್ಲಿ ಮೆಲ್ಲಗೆ ಜಾರುತ್ತದೆ, ತೀರಾ ಆಳದಲ್ಲಿ ಮೆತ್ತಗಾಗಿ ಸಾಗುತ್ತದೆ. ನಡುವಿನ ಬಿಸಿಯಲ್ಲಿ ಮಾತ್ರ ಕಚ್ಚಿಕೊಂಡು ಕೂತು, ಒಂದು ದಿನ ಒಮ್ಮೆಲೇ ಬಿಟ್ಟುಬಿಡುತ್ತದೆ. ಆಗಲೇ ಭೂಕಂಪ, ಹಿಂದೆಯೇ ಸುನಾಮಿ.

ಹನ್ನೆರಡು ವರ್ಷದ ಹಿಂದೆ ಕುಲುಮೆಯಕ್ಕ ಬಿಸಿ ಅಳೆಯುವ ತಂತಿಯನ್ನು ಪುಡಿಯ ಪಕ್ಕ ಇಡದೆ ಕುಲುಮೆಯ ಗೋಡೆಗೆ ತಾಗಿಸಿಬಿಟ್ಟಿದ್ದರು. ಮೀಟರು ಇನ್ನೂರೈವತ್ತು ತೋರಿಸುವಾಗ ಪುಡಿ ನೂರೈವತ್ತರಲ್ಲಿತ್ತು, ನಯವಾಗಿ ಜಾರಿತು. ದಡದ ಕೆಳಗೆ ಇನ್ನೂರೈವತ್ತು ಡಿಗ್ರಿಯಲ್ಲಿರುವ ಕಲ್ಲಿನಿಂದ ಅಪಾಯವಿಲ್ಲ ಎಂದು ವರದಿ ಹೋಯಿತು. ಅದನ್ನೇ ನಂಬಿ ಅವರ ತಂಗಿ ದಡದಲ್ಲಿ ಮನೆ ಕಟ್ಟಿದರು.

“ಹೋದ ತಿಂಗಳು ಹಳೇ ಕುಲುಮೆ ಬಿಚ್ಚಿದಾಗ ಗೋಡೆ ಮೇಲೆ ತಂತಿ ಕಲೆ ಕಾಣಿಸ್ತು. ಸೀದಾ ಹೋಗಿ ಸಾಹೇಬ್ರಿಗೆ ನಾನೇ ಹೇಳ್ದೆ.”

ಇಂದಿನದು ಏಳನೇ ಮರುಪ್ರಯೋಗ. ಏಳರಲ್ಲೂ ಕಲ್ಲು ಕಚ್ಚಿಕೊಂಡಿದೆ. ಸಂಜೆ ಕೆಲಸ ಮುಗಿಸಿ, ಕೋಲನ್ನು ಕಂಕುಳಲ್ಲಿಟ್ಟುಕೊಂಡು ತಂಗಿಯ ಮನೆಗೆ ಹೊರಡುತ್ತಾರೆ. ನಾನೂ ಜೊತೆಯಲ್ಲಿದ್ದೇನೆ.

ತಂಗಿ ಎಲ್ಲ ಕೇಳಿಸಿಕೊಂಡು ನಗುತ್ತಾರೆ. “ಗೋಡೇಲಿ ಒಂದು ಬಿರುಕು ತೋರ್ಸಕ್ಕ. ಕಟ್ಟಿದಾಗಿಂದ ಒಂದು ಲೋಟನೂ ಅಲ್ಲಾಡಿಲ್ಲ.”

ಅಕ್ಕ ಅಡುಗೆಮನೆಯ ನೆಲಕ್ಕೆ ಕೋಲು ಊರಿ, ಮಂಡಿಯೂರಿ ಕಿವಿಯಿಡುತ್ತಾರೆ. ಕೋಲಿಗೆ ಅಷ್ಟು ಆಳದ್ದು ಕೇಳಿಸದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ನಾವಿಬ್ಬರೂ ಉಸಿರು ಹಿಡಿದಿದ್ದೇವೆ.

“ಅದೇ ಭಯ ಕಣೇ,” ಎನ್ನುತ್ತಾರೆ ಏಳುತ್ತಾ. “ಒಂಚೂರೂ ಸದ್ದಿಲ್ಲ. ಮಕ್ಕಳನ್ನ ಕರ್ಕೊಂಡು ಗುಡ್ಡದ ಮೇಲೆ ನಮ್ಮನೆಗೆ ಬಂದ್ಬಿಡು. ನನಗೆ ಇನ್ನೇನೂ ಬೇಡ.”