ಖಾನಾಪುರಕ್ಕೆ ಒಯ್ದ ಮುಷ್ಟಿ ಅಕ್ಕಿ

ಬೆಳಗಾವಿಯಿಂದ ಖಾನಾಪುರಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಟಿಕೆಟ್ಟಿಗೆ ಎರಡು ರೂಪಾಯಿಯೂ ಬೀಳುತ್ತಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ, ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ ಎರಡು ಚೀಲ ಅಕ್ಕಿಯೊಂದಿಗೆ ಆ ರೈಲು ಹತ್ತಿದಾಗ ನನಗೆ ನನ್ನ ಮೇಲೆಯೇ ಭಾರಿ ಅಭಿಮಾನವಿತ್ತು. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ನಮ್ಮ ಚರ್ಚಿನಲ್ಲಿ ಒಂದು ಪದ್ಧತಿ ಇತ್ತು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಪ್ರತಿ ಮನೆಯವರೂ ಅನ್ನಕ್ಕಿಡುವ ಮೊದಲು ಒಂದು ಮುಷ್ಟಿ ಅಕ್ಕಿ ತೆಗೆದಿಡಬೇಕು. ಭಾನುವಾರ ಅದನ್ನು ತಂದು ಬಲಿಪೀಠದ ಮುಂದೆ ಹಾಸಿದ ಚಾಪೆಯ ಮೇಲೆ ಒಂದೇ ರಾಶಿಗೆ ಸುರಿಯಬೇಕು. ಗೋವಾ ಕಡೆಯವರ ದಪ್ಪ ಕುಚ್ಚಲಕ್ಕಿ, ಟಿಳಕವಾಡಿಯ ಸಿರಿವಂತರ ಸಣ್ಣಕ್ಕಿ, ನನ್ನಂಥವರ ರೇಷನ್ ಅಕ್ಕಿ, ಎಲ್ಲವೂ ಅದರಲ್ಲೇ. ರಾಶಿಯಲ್ಲಿ ಬಡವರಿಲ್ಲ, ಶ್ರೀಮಂತರಿಲ್ಲ ಎಂದು ಸೇವಾ ಮಂಡಳಿಯ ಅಧ್ಯಕ್ಷರಾದ ಪಾಸ್ಕಲ್ ಸರ್ ಪ್ರತಿ ವರ್ಷ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಒರೆಸಿಕೊಳ್ಳುತ್ತಿದ್ದೆ. ಅನಗೋಳದಲ್ಲಿ ಹೊಲಿಗೆ ಅಂಗಡಿ ಇಟ್ಟವಳಾದ್ದರಿಂದ ಚೀಲದ ಬಾಯಿ ಹೊಲಿಯುವುದು ನನ್ನ ಪಾಲಿನ ಸೇವೆಯಾಗಿತ್ತು.

ಅಕ್ಕಿ ಹೋಗುತ್ತಿದ್ದುದು ಖಾನಾಪುರದ ಹೊರಗೆ, ಹೊಳೆಯಾಚೆ ಇದ್ದ ಎಂಟು ಗುಡಿಸಲುಗಳಿಗೆ. ಕುಷ್ಠರೋಗ ವಾಸಿಯಾದರೂ ಮನೆಯವರು ಒಳಗೆ ಕರೆದುಕೊಳ್ಳದ ಜನ ಅಲ್ಲಿದ್ದರು. ಪ್ರತಿ ಸಲ ಪಾಸ್ಕಲ್ ಸರ್ ತಾವೇ ಹೋಗುತ್ತಿದ್ದರು. ಆ ವಾರ ಅವರ ಮನೆಯಲ್ಲಿ ನೆಂಟರು ಬಂದಿದ್ದರು. ಬಡವರ ಮನೆಗೆ ಯಾರೂ ಒಬ್ಬರೇ ಹೋಗಬಾರದು, ಇಬ್ಬಿಬ್ಬರೇ ಹೋಗಬೇಕು ಎಂಬುದು ಮಂಡಳಿಯ ನಿಯಮ. ಹಾಗಾಗಿ ನನ್ನ ಜೊತೆಗೆ ಇನಾಸಣ್ಣನನ್ನು ಕಳಿಸಿದರು. ರೈಲ್ವೆಯವರ ಅಡುಗೆಮನೆಯಲ್ಲಿ ಮೂವತ್ತು ವರ್ಷ ಅನ್ನ ಬೇಯಿಸಿ ನಿವೃತ್ತನಾದ, ಮಾತು ಕಡಿಮೆಯ ಮನುಷ್ಯ.

ಬೆಳಗಿನ ತಂಪು ದೇಸೂರಿನವರೆಗಷ್ಟೇ ಇತ್ತು. ಆಮೇಲೆ ಬಿಸಿಲು ಕಿಟಕಿಯಿಂದ ಒಳಗೇ ಬಂದು ಕೂತಿತು. ಹಳಿಯ ಎರಡೂ ಬದಿಗೆ ಕೊಯ್ದು ಬಿಟ್ಟ ಭತ್ತದ ಗದ್ದೆಗಳು ಖಾನಾಪುರದವರೆಗೂ ಮುಗಿಯಲಿಲ್ಲ. ಅಕ್ಕಿ ಬೆಳೆಯುವ ನಾಡಿಗೆ ಅಕ್ಕಿ ಹೊತ್ತುಕೊಂಡು ಹೋಗುತ್ತಿದ್ದೇವೆ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಸ್ಟೇಷನ್ನಿನ ಹೊರಗೆ ಕಾಂದಾ ಭಜಿ ತಿಂದು, ಚಹಾ ಕುಡಿದು, ಚಕ್ಕಡಿಗಾಗಿ ಕಾದೆವು. ಅದು ಬಂದದ್ದು ಎರಡು ತಾಸು ತಡವಾಗಿ.

ಪಾಸ್ಕಲ್ ಸರ್ ಯಾವಾಗಲೂ ಚೀಲ ಇಳಿಸಿ, ಮರದ ಕೆಳಗೆ ಪ್ರಾರ್ಥನೆ ಹೇಳಿಸಿ, ಮಧ್ಯಾಹ್ನದ ರೈಲಿಗೆ ತಿರುಗಿ ಬರುತ್ತಿದ್ದರಂತೆ. ನಮಗೆ ಆ ರೈಲು ತಪ್ಪಿತು. ಮುಂದಿನದು ಸಂಜೆಗೆ. ಊಟದ ಹೊತ್ತಾಗಿತ್ತು. ಎಂಟೂ ಮನೆಗೆ ಅಡುಗೆ ಮಾಡುತ್ತಿದ್ದ ಗಂಗವ್ವ ಎಂಬ ಹೆಂಗಸು ನಮ್ಮನ್ನು ಕಂಡು ಗಾಬರಿಯಾದಳು.

“ನೀವು ಊಟಕ್ಕ ನಿಂದರಬ್ಯಾಡ್ರಿ ಅಕ್ಕಾರ. ಪ್ಯಾಟಿಯೊಳಗ ಖಾನಾವಳಿ ಐತಿ,” ಎಂದಳು.

ರೋಗದ ಅಂಜಿಕೆಯಿಂದ ನಾವು ಉಣ್ಣಲಾರೆವು ಎಂದು ಹಾಗೆನ್ನುತ್ತಾಳೆ ಅಂದುಕೊಂಡೆ. ಮುಚ್ಚಿಡುವುದೇಕೆ, ಅಂಜಿಕೆ ನನಗೂ ಇತ್ತು. ಆದರೂ ದೊಡ್ಡಸ್ತಿಕೆ ತೋರಿಸಲು ಚಕ್ಕಳಬಕ್ಕಳ ಹಾಕಿ ಕೂತೆ. ಮೊದಲ ತುತ್ತಿಗೇ ಹಲ್ಲಿನಡಿ ಕಟ್ ಎಂದಿತು. ಕಲ್ಲೆಂದು ತೆಗೆದು ನೋಡಿದರೆ ಬೇಯದ ಕುಚ್ಚಲಕ್ಕಿಯ ಕಾಳು. ಅದರ ಸುತ್ತ ಅಂಟಿಕೊಂಡದ್ದು ಬೆಂದು ಗಂಜಿಯಾದ ಸಣ್ಣಕ್ಕಿ. ಮೇಲೆ ತಳ ಹತ್ತಿದ ವಾಸನೆ. ಅದು ಹೋದ ತಿಂಗಳು ನಾನೇ ಬಾಯಿ ಹೊಲಿದು ಕಳಿಸಿದ್ದ ಚೀಲದ ಅಕ್ಕಿ.

“ಒಂದ್ ಅಕ್ಕಿ ಲಗೂನ ಬೇಯತೈತ್ರಿ, ಇನ್ನೊಂದು ಎಷ್ಟು ಕುದಿಸಿದ್ರೂ ಬೇಯಂಗಿಲ್ಲ,” ಎಂದಳು ಗಂಗವ್ವ, ತಪ್ಪು ತನ್ನದೇ ಎಂಬಂತೆ. “ತಳ ಹತ್ತತೈತಂತ ಒಲಿ ಮುಂದ ತಿರುವ್ಕೋತ ಕುಂದರಬೇಕ್ರಿ.”

“ಬ್ಯಾರೆ ಬ್ಯಾರೆ ಆರಿಸಬಾರದ?” ಎಂದೆ. ಕೇಳಿದ ಬಾಯಿಗೆ ಬೆಂಕಿ ಹಾಕಬೇಕು. ಅವಳ ಎಡಗೈಯಲ್ಲಿ ಬೆರಳುಗಳೇ ಇರಲಿಲ್ಲ. ಬಲಗೈಗೆ ಅರಿವೆ ಸುತ್ತಿತ್ತು. ಇನಾಸಣ್ಣ ಮೆಲ್ಲಗೆ ಆ ಅರಿವೆ ಬಿಚ್ಚಿದ. ಎರಡು ಬೆರಳು ಸುಟ್ಟು, ಕೀವು ತುಂಬಿ, ಕಪ್ಪಾಗಿದ್ದವು.

“ಉರಿ ತಾಕಿದ್ದು ಈ ಕೈಗೆ ತಿಳಿಯಂಗಿಲ್ರಿ. ವಾಸನಿ ಬಂದ ಮ್ಯಾಲ ನೋಡಿದ್ನಿ.”

ಹದಿನೈದು ದಿನವಾಗಿತ್ತಂತೆ. ಬೆಳಗಾವಿಯ ದವಾಖಾನೆಗೆ ಹೋಗದಿದ್ದರೆ ಕೈಯೇ ಹೋಗುತ್ತದೆ ಎಂದು ಪೇಟೆಯ ಕಂಪೌಂಡರು ಹೇಳಿ ವಾರವಾಗಿತ್ತು. ತಾನು ಹೋದರೆ ಉಳಿದವರಿಗೆ ಬೇಯಿಸಿ ಹಾಕುವವರು ಯಾರೂ ಇಲ್ಲವೆಂದು ಅವಳು ಹೋಗಿರಲಿಲ್ಲ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹ್ವಾದ ವರ್ಷ ನಮ್ಮ ಬಾಜೂ ಗುಡಸಲದ ಬಾಳಪ್ಪಜ್ಜ ನಿಮ್ಮ ಸಾಹೇಬರಿಗೆ ಅಕ್ಕಿದು ಹೇಳಿದ್ನ್ರಿ. ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳಾ ಹಾಕಿದ್ರಂತ, ಅಂದ್ರು. ಅಜ್ಜ ಸುಮ್ಮನಾದ. ನಾವೂ ಸುಮ್ಮನಾದ್ವಿ.”

ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ವರ್ಷದಿಂದ ಟೇಪು ಕೊರಳಿಗೆ ಹಾಕಿಕೊಂಡು ಬದುಕಿದವಳು ನಾನು. ಮೊಳ ಹಾಕದೆ ಕೊಟ್ಟ ಬಟ್ಟೆ ಯಾರ ಮೈಗೂ ಆಗುವುದಿಲ್ಲ. ಕೊಡುವವನು ಅಳೆಯಲಿಲ್ಲ, ಉಡುವವನು ಅಳೆದರೆ ಅದೂ ತಪ್ಪು. ಇದೆಂಥ ಧರ್ಮ? ಪಾಸ್ಕಲ್ ಸರ್ ಎದುರಿಗಿರಲಿಲ್ಲ, ಹಾಗಾಗಿ ಇನಾಸಣ್ಣನ ಮೇಲೆ ಹರಿಹಾಯ್ದೆ.

“ಜೀವಮಾನವೆಲ್ಲ ಒಲಿ ಮುಂದ ಕಳದವ ನೀನು. ಎರಡು ಅಕ್ಕಿ ಕೂಡಿ ಬೇಯಂಗಿಲ್ಲ ಅಂತ ನಿನಗೂ ಗೊತ್ತಿರಲಿಲ್ಲೇನಣ್ಣಾ?”

“ಗೊತ್ತಿತ್ತವಾ,” ಎಂದ ಅವನು, ತಲೆ ತಗ್ಗಿಸಿ. “ರಾಶಿ ನೋಡಾಕ ಚಂದ ಕಾಣತಿತ್ತು. ಬೇಯಿಸವರು ಯಾರು ಅಂತ ವಿಚಾರಾನ ಮಾಡಲಿಲ್ಲ.”

ನಾನೂ ಮಾಡಿರಲಿಲ್ಲ. ಅದಕ್ಕೇ ಆ ಸಿಟ್ಟು ಇಂದಿಗೂ ಆರಿಲ್ಲ. ಇನಾಸಣ್ಣ ಅಂಗಿಯ ತೋಳು ಮಡಚುತ್ತ ಎದ್ದ. “ಸಿಟ್ಟು ಆಮ್ಯಾಲ ಮಾಡೂಣು. ಸಂಜಿ ಗಾಡಿಗೆ ಈಕಿನ ಕರಕೊಂಡು ಹೋಗು. ಇಲ್ಲಿ ಅಡಗಿ ನಾ ಮಾಡ್ತೇನಿ.”

“ಇಬ್ಬಿಬ್ಬರೇ ಹೋಗಬೇಕಂತ ನಿಯಮ ಐತಲ್ಲ,” ಎಂದೆ.

“ಇಬ್ಬರೇ ಹೊಂಟೀರಲ್ಲ, ನೀನು ಮತ್ತ ಗಂಗವ್ವ,” ಎಂದ. ಪೇಟೆಗೆ ಹೋಗಿ ಒಂದೇ ಜಾತಿಯ ಅಕ್ಕಿ ತಂದು ಒಲೆ ಹಚ್ಚಿದ. ನಾವು ತಂದ ಎರಡು ಚೀಲದಲ್ಲಿ ಒಂದನ್ನು ನಾನು ಮತ್ತೆ ಚಕ್ಕಡಿಗೆ ಹೇರಿಸಿದೆ. ಅದು ಬಂದ ದಾರಿಯಲ್ಲೇ ತಿರುಗಿ ಹೋಗಬೇಕಿತ್ತು.

ಸಂಜೆಯ ರೈಲಿನಲ್ಲಿ ಗಂಗವ್ವನನ್ನು ಕಂಡು ಎದುರಿನ ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಅವಳು ಕೆಳಗೆ ಕೂರಲು ಹೊರಟಳು. “ಮ್ಯಾಲ ಕುಂದ್ರು. ಟಿಕೀಟು ತಗದೇವಿ,” ಎಂದು ಗದರಿಸಿದೆ. ಪಾಪ, ಬೈಯಬೇಕಾದವರನ್ನು ಬಿಟ್ಟು ಅವಳನ್ನೇ ಬೈದೆ. ದೇಸೂರಿನಲ್ಲಿ ಗಾಡಿ ನಿಂತಾಗ ಅವಳು ಸೆರಗು ಮುಖಕ್ಕೆ ಎಳೆದುಕೊಂಡು ಹೊರಗೆ ನೋಡಿದಳು. ಅಲ್ಲಿ ಅವಳ ಗಂಡನ ಮನೆ ಇತ್ತಂತೆ. ಬೆಳಗಾವಿಯಲ್ಲಿ ದವಾಖಾನೆಯ ಡಾಕ್ಟರು ಅರಿವೆ ಬಿಚ್ಚಿ ನೋಡಿ, ಎರಡು ಬೆರಳು ತೆಗೆಯಲೇಬೇಕು, ಕೈ ಉಳಿಯಬಹುದು ಎಂದರು.

ಮರುದಿನ ಭಾನುವಾರ. ಪೂಜೆ ಮುಗಿದು ಜನ ಹೊರಗೆ ಬರುವಷ್ಟರಲ್ಲಿ ಚರ್ಚಿನ ಕಟ್ಟೆಯ ಮೇಲೆ ಆ ಚೀಲ ಇಟ್ಟು, ನಾನೇ ಹಾಕಿದ್ದ ಹೊಲಿಗೆಯನ್ನು ಕತ್ತರಿಯಿಂದ ಕತ್ತರಿಸಿ, ಅಕ್ಕಿ ಸುರಿದೆ. ಗಂಗವ್ವನ ಕೈಯ ವಿಷಯ ಒಂದೂ ಬಿಡದೆ ಹೇಳಿದೆ. ಆಮೇಲೆ, “ಕುಂದರ್ರಿ ಎಲ್ಲಾರೂ. ಇದನ್ನ ಆರಿಸಿ ಕೊಟ್ಟು ಮನಿಗೆ ಹೋಗ್ರಿ,” ಎಂದೆ.

ಪಾಸ್ಕಲ್ ಸರ್ ಮುಂದೆ ಬಂದರು. “ಕ್ಲಾರಾಬಾಯಿ, ಇದು ದೇವರಿಗೆ ಅರ್ಪಿಸಿದ್ದು.”

“ಹೌದ್ರಿ. ದೇವರ ಹಲ್ಲು ಗಟ್ಟಿ ಇರಬಹುದು. ಬಾಳಪ್ಪಜ್ಜನ ಹಲ್ಲು ಗಟ್ಟಿ ಇಲ್ಲ.”

ಮೊದಲು ಕೂತವರು ಫಾದರ್. ಆಮೇಲೆ ಹೆಂಗಸರು, ಕಡೆಗೆ ಇಸ್ತ್ರಿ ಪ್ಯಾಂಟಿನ ಗಂಡಸರು. ಪ್ರತಿಯೊಬ್ಬರಿಗೂ ಹತ್ತು ಬೆರಳು. ಆದರೂ ಮಧ್ಯಾಹ್ನ ಒಂದು ಗಂಟೆಯವರೆಗೆ ಅರ್ಧ ಚೀಲವೂ ಆರಿಸಿ ಆಗಿರಲಿಲ್ಲ. ಪಾಸ್ಕಲ್ ಸರ್ ಬೆರಳ ತುದಿ ಉಜ್ಜಿಕೊಳ್ಳುತ್ತ ನನ್ನ ಹತ್ತಿರ ಬಂದರು.

“ನನ್ನಿಂದ ತಪ್ಪಾತು ಅಂತ ಆಕಿಗೆ ಹೇಳ್ರಿ,” ಎಂದರು.

“ನಾ ಹೇಳೂದಿಲ್ರಿ,” ಎಂದೆ. “ಆಕಿ ಇಲ್ಲೇ ದವಾಖಾನಿಯೊಳಗ ಅದಾಳ. ಬೆರಳು ನಾಳೆ ಮುಂಜಾನೆ ತಗೀತಾರ. ನಡಕೋತ ಹೋದ್ರ ಹದಿನೈದು ಮಿನಿಟಿನ ದಾರಿ.”