ಮೇಲಿನ ಹಿಡಿ, ಅಡಿಯ ಹಿಡಿ

ಬಾಳ್ಳುಪೇಟೆಯಲ್ಲಿ ನಮ್ಮಪ್ಪನಿಗೆ ಕಾಫಿ ಮಂಡಿ ಇತ್ತು. ಹಾಗಾಗಿ ಕಾಫಿ ವಿಚಾರದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎನ್ನುವ ಜಂಬ ಐವತ್ತು ದಾಟಿದರೂ ಇಳಿದಿರಲಿಲ್ಲ. ಅದನ್ನು ಇಳಿಸಿದ್ದು ಕಳೆದ ಫೆಬ್ರವರಿಯಲ್ಲಿ ನನ್ನ ಕೈಗೆ ಬಂದ ಒಂದು ಪ್ರಬಂಧ.

ನಾನು ಪಾಠ ಮಾಡುವುದು ಪಾದ್ರಿಗಳು ನಡೆಸುವ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ. ಅದರ ಒಂದು ಶಾಖೆ ಇಲ್ಲೇ ಗುಡ್ಡದ ಮೇಲಿದೆ, ಸುತ್ತ ಎಸ್ಟೇಟು. ಬಿ.ಕಾಂ. ಓದಲಿ, ಬಿ.ಎಸ್ಸಿ. ಓದಲಿ, ಎಲ್ಲರಿಗೂ ಒಂದು ಸಾಮಾನ್ಯ ಪತ್ರಿಕೆ ಕಡ್ಡಾಯ. ಸುತ್ತಲಿನ ಬದುಕನ್ನು ಗಮನಿಸಿ, ಆಧಾರ ಕೊಟ್ಟು ಪ್ರಬಂಧ ಬರೆಯಬೇಕು. ಏನು ಕಲಿತರು ಎಂದು ಅಳೆಯಲು ಒಂದರಿಂದ ನಾಲ್ಕರವರೆಗೆ ಮಟ್ಟಗಳಿವೆ. ಹೆಸರು ಮುಚ್ಚಿದ ಪ್ರಬಂಧವನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ಮಟ್ಟ ಕೊಡುತ್ತಾರೆ. ಎಲ್ಲಕ್ಕಿಂತ ಕೆಳಗಿನ ಒಂದು ಬಿದ್ದರೆ ಮುಂದಿನ ವರ್ಷ ಮತ್ತೆ ಬರೆಯಬೇಕು. ಈ ಪ್ರಬಂಧ ಬರೆದವರು ಕೊನೇ ವರ್ಷದವರು, ಅಂದರೆ ಪದವಿಯೇ ಒಂದು ವರ್ಷ ಮುಂದಕ್ಕೆ.

ಕಣದಲ್ಲಿ ಹರವಿದ ಕಾಫಿ ಹಣ್ಣು ಒಣಗಿತೋ ಇಲ್ಲವೋ ತಿಳಿಯುವ ಬಗೆ ಅದರ ವಿಷಯ. ಒಂದು ಹಿಡಿ ತೆಗೆದು ಕಿವಿಯ ಬಳಿ ಅಲ್ಲಾಡಿಸಬೇಕು, ಒಳಗಿನ ಬೀಜ ಗಲಗಲ ಎಂದರೆ ಒಣಗಿದೆ ಎಂದು ಮೊದಲ ಪುಟದಲ್ಲಿತ್ತು. ಒಂದು ಪುಸ್ತಕದ ಹೆಸರೂ ಇಲ್ಲ. ಆಧಾರ ಎಂಬಲ್ಲಿ ‘ನಮ್ಮವ್ವ, ಎಸ್ಟೇಟಿನ ಕಣದಲ್ಲಿ ಕೆಲಸ’ ಎಂದಿತ್ತು. ಇದು ಯಾರಿಗೆ ಗೊತ್ತಿಲ್ಲ ಎಂದುಕೊಂಡು, ಉಳಿದ ಪುಟಗಳನ್ನು ಓದಿದ ಶಾಸ್ತ್ರ ಮಾಡಿ ಒಂದು ಹಾಕಿದೆ.

ಇನ್ನೊಬ್ಬ ಪರೀಕ್ಷಕರು ಕರಾವಳಿಯಿಂದ ಬಂದ, ವಯಸ್ಸಾದ ಫಾದರ್. ಅವರು ಮೂರು ಹಾಕಿದ್ದರು. ಇಷ್ಟು ಅಂತರ ಬಂದರೆ ಇಬ್ಬರೂ ಕೂತು ಒಪ್ಪಂದಕ್ಕೆ ಬರಬೇಕು.

“ನಿಮ್ಮ ಊರಿನ ಮಗುವಿಗೆ ನೀವೇ ಒಂದು ಕೊಟ್ಟಿದ್ದೀರಲ್ಲ,” ಎಂದರು.

“ಇದರಲ್ಲಿ ಕಲಿತದ್ದೇನಿದೆ ಫಾದರ್? ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುವುದೇ.”

“ನನಗೆ ಗೊತ್ತಿರಲಿಲ್ಲ. ತೋರಿಸಿ, ನೋಡೋಣ.”

ಪಕ್ಕದ ಎಸ್ಟೇಟಿನ ಕಣಕ್ಕೆ ನಡೆದೆವು. ಕಾಫಿ ತಿರುವುತ್ತಿದ್ದ ಹೆಂಗಸನ್ನು ಕೇಳಿ ಒಂದು ಹಿಡಿ ಬಾಚಿದೆ, ಫಾದರ್ ಕಿವಿಯ ಬಳಿ ಅಲ್ಲಾಡಿಸಿದೆ. ಗಲಗಲ ಎಂದಿತು. “ಒಣಗಿದೆ, ಚೀಲಕ್ಕೆ ತುಂಬಬಹುದು,” ಎಂದು ಸಾಹುಕಾರರ ಮಗಳ ಗತ್ತಿನಲ್ಲಿ ತೀರ್ಪು ಕೊಟ್ಟೆ.

“ಮೇಲ್ಗಡೇದು ಹಂಗೇ ಅಂತೈತೆ ಕಣ್ರವ್ವ,” ಎಂದಳು ಆ ಹೆಂಗಸು. “ಅಡೀಲಿರೋದು ಇನ್ನೂ ಹಸಿ ಐತೆ. ಈಗ್ಲೇ ತುಂಬ್ಬುಟ್ರೆ ಬೂಷ್ಟು ಹಿಡೀತೈತೆ.” ಬಗ್ಗಿ ಅಡಿಯಿಂದ ಒಂದು ಹಿಡಿ ತೆಗೆದು ನನ್ನ ಕಿವಿಗೇ ಹಿಡಿದು ಅಲ್ಲಾಡಿಸಿದಳು. ಸದ್ದೇ ಇಲ್ಲ. “ಇನ್ನೂ ಎಲ್ಡು ದಿವ್ಸ ಬೇಕು.”

ಫಾದರ್ ನಗಲಿಲ್ಲ, ಅದೊಂದು ಪುಣ್ಯ. ಕೈಯಲ್ಲಿದ್ದ ಪ್ರಬಂಧದ ಎರಡನೇ ಪುಟ ತೆಗೆದು ನನ್ನ ಮುಂದೆ ಹಿಡಿದರು. ‘ಮೇಲಿನ ಹಿಡಿಯನ್ನು ನಂಬಬಾರದು. ಕಣದ ನಾಲ್ಕೂ ಮೂಲೆಯಲ್ಲಿ ಅಡಿಯಿಂದ ತೆಗೆದು ನೋಡಬೇಕು. ಹತ್ತು ದಿನ ಅವ್ವನ ಜೊತೆ ನಾನೂ ನೋಡಿದೆ. ಮೂರು ಸಲ ತಪ್ಪು ಹೇಳಿದೆ.’

ನನಗೆ ನಾಚಿಕೆಯಾಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಾನು ಆ ಗಿಡವನ್ನೇ ಸರಿಯಾಗಿ ನೋಡಿರಲಿಲ್ಲ. ಅಪ್ಪ ಕಾಫಿ ಅಲ್ಲಾಡಿಸುವುದನ್ನು ಚಿಕ್ಕಂದಿನಿಂದ ಕಂಡಿದ್ದೆ. ಅಲ್ಲಾಡಿಸುವ ಮೊದಲು ಅವರ ಕೈ ಚೀಲದೊಳಗೆ ಎಷ್ಟು ಆಳಕ್ಕೆ ಹೋಗುತ್ತಿತ್ತು ಎಂದು ಗಮನಿಸಿರಲಿಲ್ಲ. ಹತ್ತು ದಿನ ಬಿಸಿಲಲ್ಲಿ ನಿಂತು ಕಲಿತ ಮಗುವಿನ ಒಂದು ವರ್ಷವನ್ನು ನಾನು ಮೊದಲ ಪುಟ ನೋಡಿ ಕಳೆಯಲು ಹೊರಟಿದ್ದೆ.

ವಾಪಸು ಬಂದು ಒಂದನ್ನು ಹೊಡೆದುಹಾಕಿ ಮೂರು ಬರೆದೆ. ಮಟ್ಟ ಬದಲಿಸಿದರೆ ಯಾವ ಆಧಾರದ ಮೇಲೆ ಎಂದು ನಾವೂ ಬರೆಯಬೇಕು, ಅದಕ್ಕೊಂದು ಖಾನೆ ಇದೆ. ಹೆಸರಿಸಲು ನನ್ನ ಬಳಿಯೂ ಪುಸ್ತಕವಿರಲಿಲ್ಲ. ‘ಕಣದಲ್ಲಿ ಕೆಲಸ ಮಾಡುವ ಹೆಂಗಸು ಹೇಳಿದ್ದು’ ಎಂದು ಬರೆದು ಸಹಿ ಹಾಕಿದೆ.